ಬೆಳ್ಳಿಯ ಕೆಲಸದಲ್ಲಿ ಹೊಸತನ
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದಲ್ಲಿ ಷಟ್‌ಸ್ಥಲದ ವಿಷಯವಾಗಿಯೂ ಅಷ್ಟಾವರಣದ ವಿಷಯವಾಗಿಯೂ ನನಗಿಂತ ಬಲ್ಲವರು ಮಾತನಾಡಿರುವರು. ನನಗೆ ಅಪ್ಪಣೆಯಾದುದು ಕಾಯಕದ ವಿಷಯ. ಕಾಯಕವೆಂದರೇನೆಂಬುದನ್ನು ಎರೆಹೊಲದಲ್ಲಿಯೂ ಮಗ್ಗದ ಕುಣಿಯಲ್ಲಿಯೂ ದುಡಿದು ಬಂದ ಈ ಸಭೆಗೆ ನಾನು ಹೇಳಹೊರಡುವುದು ಉಚಿತವಲ್ಲ. ಆದುದರಿಂದ ಒಂದೇ ಒಂದು ಕಾಯಕವನ್ನು, ಅದರಲ್ಲಿಯೂ ದಿನವೂ ನಮ್ಮ ಎದೆಯ ಮೇಲೆ ಇರುವ ವಸ್ತುವಿಗೆ ಸಂಬಂಧಪಟ್ಟ ಬೆಳ್ಳಿಯ ಕೆಲಸವನ್ನು ಎತ್ತಿಕೊಂಡು, ತಿಳಿದಷ್ಟನ್ನು ಅರಿಕೆ ಮಾಡಿಕೊಳ್ಳುವೆನು. ಮಠದ ಸಭೆಯಲ್ಲಿ ಬೆಳ್ಳಿಯ ಮಾತೇಕೆಂದು ಕೆಲವರಿಗೆ ತೋರಬಹುದು. ಕಲ್ಯಾಣದ ಶರಣರಲ್ಲಿ ಕಿನ್ನರಿ ಬ್ರಹ್ಮಯ್ಯನವರು ಮೊದಲು ಅಕ್ಕಸಾಲಿಗರಾಗಿದ್ದವರು ಎಂಬುದನ್ನು ಅಂಥವರು ಜ್ಞಾಪಿಸಿಕೊಳ್ಳಬೇಕು.

ಇಷ್ಟಲಿಂಗವನ್ನು ಇಡುವ ಬೆಳ್ಳಿಯ ಸಂಪುಟಕ್ಕೆ ನಮ್ಮಲ್ಲಿ ಕರಡಿಗೆಯೆಂದೂ, ಗುಂಡಗಡಗಿಯೆಂದೂ, ಲಿಂಗದ ಕಾಯಿಯೆಂದೂ ಹೆಸರುಗಳುಂಟು. ಆಕಾರಕ್ಕೆ ತಕ್ಕಂತೆ ಹೆಸರು. ಒಂದು ತತ್ತಿಯಂತೆ ಗುಂಡಾಗಿರುವುದು, ಮತ್ತೊಂದು ನಾಲ್ಕು ಮೂಲೆಗಳುಳ್ಳದ್ದು. ತೆಳ್ಳಗೆ ಬಡಿದ ಬೆಳ್ಳಿಯ ತಗಡನ್ನು ಅಚ್ಚಿನಲ್ಲಿ ತಗ್ಗಿಸಿ, ಎರಡು ಹೋಳುಗಳನ್ನು ಸರಿಗೂಡಿಸಿ, ಶಿವದಾರ ಪೋಣಿಸುವುದಕ್ಕೆ ಎರಡು ಬದಿಗೂ ಬಳೆಗಳನ್ನು ಬೆಸೆಯುವರು. ನಕ್ಷೆ ಬೇಕಾದಲ್ಲಿ ತಗಡಿನ ಒಳಗೆ ಅರಗನ್ನು ತುಂಬಿ, ಮೇಲಿನಿಂದ ಮೊಂಡು ಉಳಿಯಿಂದ ಬಡಿದು ಬಳ್ಳಿಯನ್ನೋ ನಂದಿಯನ್ನೋ ಎಬ್ಬಿಸುವರು. ಕೆಲಸ ಮುಗಿದ ಮೇಲೆ ಕಾಸಿ ಅರಗನ್ನು ತೆಗೆಯುವರು. ಮುಚ್ಚಳವು ಸಡಿಲವಾದರೆ ಲಿಂಗವು ಜಾರೀತು, ಬಿಗಿಯಾದರೆ ಪೂಜೆಯ ಹೊತ್ತಿನಲ್ಲಿ ಮುದುಕರ ಬೆರಳಿಗೆ ತೆರೆಯದು. ಈ ಎರಡರ ನಡುವಣ ಹದವು ಪತ್ತಾರನ ಕೈಗೆ ಗೊತ್ತಿರುವುದೇ ಹೊರತು ಯಾವ ಗ್ರಂಥದಲ್ಲಿಯೂ ಬರೆದಿಲ್ಲ.

ಇಂಥ ಕೆಲಸದ ಹಳೆಯ ಮಾದರಿಗಳು ನಮ್ಮ ಸೀಮೆಯ ಮನೆಗಳಲ್ಲಿ ಏಕೆ ವಿರಳವಾದವು? ಲಿಂಗೈಕ್ಯರಾದವರ ಇಷ್ಟಲಿಂಗವು ಅವರೊಡನೆಯೇ ಸಮಾಧಿಯನ್ನು ಹೊಂದುವುದು. ಕರಡಿಗೆಯು ಮನೆಯಲ್ಲಿ ಉಳಿಯುವುದು. ಮೊಮ್ಮಕ್ಕಳ ಕಾಲಕ್ಕೆ ಅದು ಪಾಲಿಗೆ ಬಂದ ಇಷ್ಟು ತೊಲ ಬೆಳ್ಳಿಯಾಗಿ, ಅಂಗಡಿಯ ಮೂಸೆಗೆ ಬಿದ್ದು, ಕಾಲುಂಗುರವೋ ಕಾಲ್ಗಡಗವೋ ಆಗುವುದು. ಅಮೆರಿಕೆಯಲ್ಲಿ ಹುಟ್ಟಿ ಫಿನ್ಲೆಂಡ್ ದೇಶದಲ್ಲಿ ನೆಲೆಸಿದ್ದ, ಸ್ವತಃ ಲೋಹದ ಕೆಲಸವನ್ನು ಬಲ್ಲ ಆಪಿ ಅನ್‌ಟ್ರಾಕ್ಟ್ ಎಂಬ ವಿದ್ವಾಂಸರು ಭಾರತದ ಸಾಂಪ್ರದಾಯಿಕ ಒಡವೆಗಳನ್ನು ಕುರಿತು 1997ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ನಾವು ಕರಗಿಸಿದ ಜಾತಿಯ ಕರಡಿಗೆಗಳಿಗೆ ಅದರಲ್ಲಿ ಆದರದ ಸ್ಥಾನವುಂಟು. ಪರದೇಶದವರು ಕೆಲಸವನ್ನು ನೋಡಿದರು, ನಾವು ತೂಕವನ್ನು ನೋಡಿದೆವು.

ಈ ತೂಕದ ಮಾತನ್ನು ಇನ್ನೂ ಸ್ವಲ್ಪ ಬೆಳಸಬೇಕಾಗಿದೆ. ನಾವು ಬೆಳ್ಳಿಯ ಅಂಗಡಿಗೆ ಹೋದಾಗ ಧಾರಣೆಯನ್ನು ಕುರಿತು ಚೌಕಾಶಿ ಮಾಡುವುದಿಲ್ಲ. ಅದು ಪೇಟೆ ಕಟ್ಟಿದ ಬೆಲೆ. 2025ರಲ್ಲಿ ಕಿಲೋಗ್ರಾಂ ಬೆಳ್ಳಿಯ ಧಾರಣೆಯು 1 ಲಕ್ಷ ರೂಪಾಯಿಗಳನ್ನು ದಾಟಿ ಹೋದಾಗಲೂ ಬಾಯಿ ಮುಚ್ಚಿಕೊಂಡು ಕೊಟ್ಟೆವು. ನಮ್ಮ ಚೌಕಾಶಿಯೆಲ್ಲ ಮಜೂರಿಯ ಮೇಲೆ. ಲೋಹಕ್ಕೆ ಕೇಳಿದಷ್ಟು, ಕೈಗೆ ಕೊಸರಾಡಿ ಕೊಟ್ಟಷ್ಟು! ಹೀಗಾದ ಮೇಲೆ ಪತ್ತಾರನು ಮಾಡತಕ್ಕದ್ದೇನು? ಯಂತ್ರದಲ್ಲಿ ಒತ್ತಿದ ತಗಡನ್ನು ತರಿಸಿ, ಬೆಸುಗೆ ಹಾಕಿ, ಮೆರುಗು ಕೊಟ್ಟು ಮಾರುವನು. ಅವನ ಮಗನು ಅದನ್ನೂ ಬಿಟ್ಟು ಬೆಂಗಳೂರಿಗೆ ಹೋಗುವನು. ಕಾಯಕವೇ ಕೈಲಾಸವೆಂದು ವೇದಿಕೆಯ ಮೇಲೆ ಬರೆಸಿ, ವೇದಿಕೆಯ ಕೆಳಗೆ ಕಾಯಕದ ಕೂಲಿಯನ್ನು ಕಡಿಯುವ ಈ ರೂಢಿ ನನಗೆ ಬಹುಕಾಲದಿಂದ ಕಸಿವಿಸಿಯನ್ನುಂಟುಮಾಡಿದೆ.

ಹೀಗಲ್ಲದೆ ಬೇರೊಂದು ದಾರಿ ಇದೆಯೇ ಎಂದು ಕೇಳಿದರೆ, ಬಸವಕಲ್ಯಾಣದ ಯಾತ್ರೆಗೆ ಹೋದವರೆಲ್ಲ ಹೆಸರು ಕೇಳಿರುವ ಬೀದರಿನ ಕಡೆಗೆ ನಾನು ಕೈದೋರುವೆನು. ಆ ಜಿಲ್ಲೆಯ ಮುಖ್ಯ ಪಟ್ಟಣದಲ್ಲಿ ಶಾ ರಶೀದ್ ಅಹಮದ್ ಖಾದ್ರಿಯವರೆಂಬ ಬಿದರಿ ಕುಶಲಿಗಳು 1955ರಲ್ಲಿ ಜನಿಸಿದರು. ತಂದೆಯವರಾದ ಶಾ ಮುಸ್ತಫಾ ಖಾದ್ರಿಯವರಿಂದ ಮನೆಯಲ್ಲಿಯೇ ಈ ವಿದ್ಯೆಯನ್ನು ಕಲಿತರು. 1988ರಲ್ಲಿ ರಾಷ್ಟ್ರಪ್ರಶಸ್ತಿಯೂ, 2023ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ ಅವರಿಗೆ ಬಂದವು. 2011ರ ಗಣರಾಜ್ಯೋತ್ಸವದಲ್ಲಿ ದೆಹಲಿಯ ರಾಜಬೀದಿಯಲ್ಲಿ ಕರ್ನಾಟಕದ ಪರವಾಗಿ ಹೊರಟ ಸ್ತಬ್ಧಚಿತ್ರಕ್ಕೆ ಬಿದರಿ ಕಲೆಯೇ ವಿಷಯವಾಗಿತ್ತು. ಅದರಲ್ಲಿಯೂ ಅವರ ಕೈ ಇದ್ದಿತು. ಅವರ ಮತ ಬೇರೆ, ಆಚಾರ ಬೇರೆ. ಆದರೆ ಈ ಕೆಲಸವನ್ನು ಬೀದರಿನಲ್ಲಿ ಮುಸಲ್ಮಾನರೂ ಲಿಂಗಾಯತರೂ ಪರಂಪರೆಯಿಂದ ಮಾಡಿಕೊಂಡು ಬಂದಿರುವರೆಂಬ ಸಂಗತಿಯನ್ನು ಈ ಸಭೆಯಲ್ಲಿ ಎಷ್ಟು ಜನರು ಬಲ್ಲಿರೋ ಕಾಣೆ. ಒಂದೇ ಮಣ್ಣಿನಿಂದ ಎರಡು ಮನೆಗಳವರು ಒಂದೇ ಕಪ್ಪನ್ನು ಪಡೆದರು.

ಮಣ್ಣೆಂದುದು ಮಾತಿನ ಅಲಂಕಾರಕ್ಕಾಗಿ ಅಲ್ಲ. ಈ ಕೆಲಸದ ಕ್ರಮವನ್ನು ಹೇಳಿದರೆ ತಿಳಿಯುವುದು. ಸುಮಾರು 16 ಭಾಗ ಸತುವಿಗೆ 1 ಭಾಗ ತಾಮ್ರವನ್ನು ಕೂಡಿಸಿ ಕರಗಿಸುವರು. ಮಣ್ಣಿಗೆ ಹರಳೆಣ್ಣೆಯನ್ನೂ ರಾಳವನ್ನೂ ಬೆರೆಸಿ ಮಾಡಿದ ಅಚ್ಚಿನಲ್ಲಿ ಎರಕ ಹೊಯ್ಯುವರು. ಹೊರಬಂದ ಪಾತ್ರೆಯು ಬೂದುಬಣ್ಣದ್ದು, ಒರಟಾದದ್ದು. ಅದನ್ನು ಅರದಿಂದ ತಿಕ್ಕಿ ನುಣುಪು ಮಾಡುವರು. ಆ ಬಳಿಕ ಮೈಲುತುತ್ತದ ನೀರನ್ನು ಬಳಿದರೆ ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುವುದು. ದಾಳಿಂಬೆಯ ತೋಟಕ್ಕೆ ಸಿಂಪಡಿಸುವ ಅದೇ ಮೈಲುತುತ್ತ. ಆ ಕಪ್ಪಿನ ಮೇಲೆ ಮೊನೆಯಿಂದ ಗೀರಿದ ಗೆರೆಯು ಬೆಳ್ಳಗೆ ಕಾಣುವುದು. ಅಳತೆಗೋಲನ್ನು ಹಿಡಿಯದೆ ಬರಿಗೈಯಿಂದಲೇ ಬಳ್ಳಿ, ಹೂವು, ನಕ್ಷತ್ರಗಳನ್ನು ಬರೆಯುವರು. ಬರೆದ ಗೆರೆಗಳನ್ನು ಸಣ್ಣ ಉಳಿಗಳಿಂದ ಕೊರೆದು, ಆ ಕೊರಕಲಿನೊಳಗೆ ಶುದ್ಧವಾದ ಬೆಳ್ಳಿಯ ತಂತಿಯನ್ನೋ ತಗಡಿನ ಚೂರನ್ನೋ ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುವರು. ಅಂಟಿಲ್ಲ, ಬೆಸುಗೆಯಿಲ್ಲ. ಬೆಳ್ಳಿಯು ಮೃದುವಾದುದರಿಂದ ಹರಡಿಕೊಂಡು, ಕೊರಕಲಿನ ಅಂಚುಗಳನ್ನು ಹಿಡಿದು ನಿಲ್ಲುವುದು. ತಂತಿಯ ಕೆಲಸಕ್ಕೆ ತಾರಕಶಿಯೆಂದೂ, ತಗಡಿನ ಕೆಲಸಕ್ಕೆ ತೆಹನಿಶಾನೆಂದೂ ಹೆಸರು.

ಇಲ್ಲಿಯೇ ಕೌತುಕವಿರುವುದು. ಬಡಿದು ಮುಗಿಸಿ ಮತ್ತೆ ತಿಕ್ಕಿದಾಗ, ಮೈಲುತುತ್ತದ ಕಪ್ಪೆಲ್ಲ ಹೋಗಿ, ಬೂದುಬಣ್ಣದ ಲೋಹವೂ ಬೆಳ್ಳಿಯೂ ಹೆಚ್ಚುಕಡಿಮೆ ಒಂದೇ ಆಗಿ ಕಾಣುವುವು. ಅನೇಕ ದಿನಗಳ ದುಡಿಮೆಯ ಚಿತ್ರವು ಕಣ್ಣಿಗೆ ಅಳಿಸಿಹೋದಂತೆ ತೋರುವುದು. ಆಗ ಬೀದರಿನ ಕೋಟೆಯ ಹಳೆಯ ಕಟ್ಟಡಗಳೊಳಗೆ, ಶತಮಾನಗಳಿಂದ ಬಿಸಿಲು ಮಳೆಗಳು ತಾಕದ ಜಾಗದಲ್ಲಿ ಅಗೆದು ತಂದ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕದಡಿ, ಬೆಚ್ಚಗೆ ಮಾಡಿದ ಪಾತ್ರೆಗೆ ಉಜ್ಜುವರು. ಕ್ಷಣಮಾತ್ರದಲ್ಲಿ ಲೋಹವು ಕಾಡಿಗೆಯಂತೆ ಕಪ್ಪಾಗುವುದು. ಬೆಳ್ಳಿಗೆ ಮಾತ್ರ ಕಪ್ಪು ಹತ್ತುವುದಿಲ್ಲ. ಚಿತ್ರವು ಒಮ್ಮೆಲೆ ಎದ್ದು ಬರುವುದು. ತರುವಾಯ ತೊಳೆದು ಎಣ್ಣೆ ಸವರುವರು. ಮಣ್ಣು ಒಳ್ಳೆಯದೋ ಅಲ್ಲವೋ ಎಂಬುದನ್ನು ಪಳಗಿದ ಕುಶಲಿಗಳು ನಾಲಗೆಯ ಮೇಲೆ ಇಟ್ಟು ರುಚಿಯಿಂದಲೇ ಹೇಳಬಲ್ಲರು. ಇಷ್ಟಲಿಂಗದ ಕಪ್ಪು ಕಂತಿಯ ಮೇಲೆ ದೃಷ್ಟಿಯನ್ನು ನಿಲ್ಲಿಸುವ ಅಭ್ಯಾಸವುಳ್ಳ ನಿಮಗೆ, ಕಪ್ಪಿನಲ್ಲಿ ಬೆಳಕು ಕಾಣುವ ಪರಿಯನ್ನು ನಾನು ವಿವರಿಸಬೇಕಾದುದಿಲ್ಲ.

ಈಗ ಪ್ರಕೃತಕ್ಕೆ ಬರುವೆನು. ಬಹಮನಿ ಅರಸರ ಕಾಲದಿಂದ ನಡೆದುಬಂದ ಈ ಕೆಲಸಕ್ಕೆ ಹುಕ್ಕದ ಬುಡ, ಎಲೆಯಡಿಕೆಯ ಪೆಟ್ಟಿಗೆ, ಕೈತೊಳೆಯುವ ಗಿಂಡಿ, ಇವೇ ಬಹುಕಾಲ ಆಧಾರವಾಗಿದ್ದುವು. ನಿಜಾಮರ ಆಳ್ವಿಕೆಯು 1948ರಲ್ಲಿ ಕೊನೆಗಂಡಿತು, ಜಹಗೀರುಗಳು ಹೋದುವು, ಹುಕ್ಕ ಸೇದುವ ದಿವಾನಖಾನೆಗಳು ಬರಿದಾದುವು. ಖಾದ್ರಿಯವರ ತಲೆಮಾರಿನವರ ಎದುರಿಗೆ ಎರಡೇ ದಾರಿಗಳು: ಕೊಳ್ಳುವವರಿಲ್ಲದ ಹುಕ್ಕವನ್ನೇ ಎರೆಯುತ್ತಿರುವುದು, ಇಲ್ಲವೆ ಅದೇ ಕೈಗೆ ಬೇರೆ ವಸ್ತುವನ್ನು ಹುಡುಕುವುದು. ಅವರು ಹುಡುಕಿದರು. ಹೂದಾನಿಗಳು, ತಟ್ಟೆಗಳು, ಲೇಖನಿಯ ಆಸರೆಗಳು, ಸ್ತ್ರೀಯರ ಓಲೆ ಪದಕಗಳು, ಹೀಗೆ ಹೊಸ ಹೊಸ ಆಕಾರಗಳು ಬಂದುವು. ಆಕಾರ ಹೊಸದಾದಲ್ಲಿ ನಕ್ಷೆಯನ್ನೂ ಹೊಸದಾಗಿ ಹೊಂದಿಸಬೇಕಾಯಿತು. ಹುಕ್ಕದ ಉಬ್ಬಿದ ಹೊಟ್ಟೆಗೆ ಒಪ್ಪಿದ ಬಳ್ಳಿಯು ಬೆರಳಗಲದ ಓಲೆಗೆ ಒಪ್ಪುವುದೆ? ಹೊಸದೆಲ್ಲವೂ ಸೊಗಸೆಂದು ನಾನು ಹೇಳಲಾರೆ. ಗಣಕಯಂತ್ರಕ್ಕೆ ಚುಚ್ಚುವ ಕಡ್ಡಿಗೆ ತೊಡಿಸಿದ ಬಿದರಿಯ ಕವಚವು ನನ್ನ ಕಣ್ಣಿಗೆ ಒಗ್ಗದು. ಆದರೂ ಅಂಥ ಹತ್ತನ್ನು ಮಾಡಿ ನೋಡಿದ ಹೊರತು ಒಪ್ಪುವ ಒಂದು ಹುಟ್ಟುವುದಿಲ್ಲ. ಮಾಡಿ ನೋಡುವುದಕ್ಕೆ ಬೆಳ್ಳಿ ಬೇಕು, ದಿನಗಳು ಬೇಕು. ಕೆಟ್ಟುದು ಕೊನೆಯ ಮಣ್ಣು ಹಚ್ಚಿದ ಮೇಲೆಯೇ ಗೊತ್ತಾಗುವುದು.

ಅವರು ಬಿಡದೆ ಉಳಿಸಿಕೊಂಡುದನ್ನೂ ಗಮನಿಸಬೇಕು. ಸತುವು ತಾಮ್ರಗಳ ಬೆರಕೆ ಅದೇ, ಕೋಟೆಯ ಮಣ್ಣು ಅದೇ, ಬಡಿದು ಕೂರಿಸುವ ಕ್ರಮ ಅದೇ. 2006ರಲ್ಲಿ ಈ ಕಲೆಗೆ ಸರಕಾರದ ಭೌಗೋಳಿಕ ಗುರುತು ದೊರೆತುದು ಆ ಉಳಿಕೆಯ ಬಲದಿಂದಲೇ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಹಳೆಯ ಬಿದರಿ ಪಾತ್ರೆಯನ್ನೂ ಇಂದಿನ ಓಲೆಯನ್ನೂ ಅಕ್ಕಪಕ್ಕದಲ್ಲಿಟ್ಟರೆ ಒಂದೇ ವಂಶದವೆಂದು ಮಕ್ಕಳೂ ಹೇಳುವರು.

ಶಾಸ್ತ್ರವನ್ನು ಓದಿದ ಕೆಲವರು ಇಲ್ಲಿ ಆಕ್ಷೇಪಿಸುವರು. ಹಿರಿಯರು ಹಾಕಿಕೊಟ್ಟ ಮಾದರಿಯನ್ನು ಬದಲಿಸುವುದು ಪರಂಪರೆಗೆ ಲೋಪವಲ್ಲವೆ? ನಾನೂ ಪಾಠಶಾಲೆಯಲ್ಲಿ ಬೆಳೆದವನು; ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ನಮ್ಮ ಶೂನ್ಯಸಂಪಾದನೆಗಳನ್ನೇ ನೋಡಿರಿ. ಶಿವಗಣಪ್ರಸಾದಿ ಮಹಾದೇವಯ್ಯನವರು ವಚನಗಳನ್ನು ಆರಿಸಿ ಸಂವಾದರೂಪವಾಗಿ ಜೋಡಿಸಿದರು. ಆ ಬಳಿಕ ಹಲಗೆಯಾರ್ಯರೂ, ಗುಮ್ಮಳಾಪುರದ ಸಿದ್ಧಲಿಂಗದೇವರೂ, ಗೂಳೂರು ಸಿದ್ಧವೀರಣ್ಣೊಡೆಯರೂ ಅದೇ ವಸ್ತುವನ್ನು ಮತ್ತೆ ಬೇರೆಯಾಗಿ ಜೋಡಿಸಿದರು. ಸೇರಿಸಿದುದುಂಟು, ಬಿಟ್ಟುದುಂಟು, ಸ್ಥಳ ಬದಲಿಸಿದುದುಂಟು. ವಚನಗಳು ಶರಣರವು, ಜೋಡಣೆ ಹೊಸತು. ನಾಲ್ವರಲ್ಲಿ ಯಾರನ್ನೂ ಪರಂಪರೆಗೆ ತಪ್ಪಿದವರೆಂದು ನಾವು ಹೇಳುವುದಿಲ್ಲ. ನಾಲ್ಕನ್ನೂ ತಲೆಯ ಮೇಲೆ ಹೊತ್ತಿರುವೆವು. ಅಷ್ಟು ದೂರವೇಕೆ? ಹಡಗಲಿ ಸೀಮೆಯ ಕುರುವತ್ತಿಯಲ್ಲಿ ತುಂಗಭದ್ರೆಯ ತಡಿಯ ಮಲ್ಲಿಕಾರ್ಜುನ ದೇವಾಲಯಕ್ಕೆ ಹೋಗಿ, ಕಂಬದ ಮೇಲಿನಿಂದ ಬಾಗಿ ನಿಂತ ಮದನಿಕೆಯರನ್ನು ನೋಡಿರಿ. ಚಾಲುಕ್ಯರ ಕಾಲದ ಆ ಶಿಲ್ಪಿಯು ಮಾಡಬೇಕಾಗಿದ್ದುದು ಕಂಬಕ್ಕೂ ಮೇಲಿನ ಕಲ್ಲಿಗೂ ನಡುವೆ ಒಂದು ಚಾಚು ಮಾತ್ರ. ಆ ಚಾಚಿನಲ್ಲಿ ಅವನು ಏನು ಮಾಡಿದನೆಂಬುದನ್ನು ನಾನು ವರ್ಣಿಸುವುದಕ್ಕಿಂತ ನೀವೇ ನೋಡುವುದು ಮೇಲು.

ಹೊಸತನವು ಕುಶಲಿಯೊಬ್ಬನ ಬುದ್ಧಿಯಿಂದಲೇ ಬರುವುದಿಲ್ಲ, ಮಾಡಿಸುವವನ ಕೈಯಿಂದಲೂ ಬರುವುದು. ಈ ವರ್ಷ ಅನೇಕ ಭಕ್ತರು ಶ್ರೀಮಠಕ್ಕೆ ಬೆಳ್ಳಿಯ ಸೇವೆಯನ್ನು ಸಂಕಲ್ಪಿಸಿರುವರು. ಪ್ರಭಾವಳಿಯಿರಬಹುದು, ಪಾದುಕೆಯಿರಬಹುದು, ದಂಡದ ಹಿಡಿಯಿರಬಹುದು. ಕೊಟ್ಟವರ ಹೆಸರನ್ನು ಬೆಳ್ಳಿಯ ಮೇಲೆ ಕೆತ್ತುವುದು, ತೂಕವನ್ನು ಪುಸ್ತಕದಲ್ಲಿ ಬರೆಯುವುದು, ಇವೆರಡೂ ವಾಡಿಕೆಯಲ್ಲಿವೆ. ಮಾಡಿದವನ ಹೆಸರು ಎಲ್ಲಿಯೂ ಇಲ್ಲ. ಆ ಪುಸ್ತಕದಲ್ಲಿ ಇನ್ನೊಂದು ಕಲಮನ್ನು ಹೆಚ್ಚಿಸಿ ಮಾಡಿದವನ ಹೆಸರನ್ನೂ ಊರನ್ನೂ ಬರೆಯಬೇಕೆಂದು ಪೂಜ್ಯರಲ್ಲಿ ವಿಜ್ಞಾಪಿಸುವೆನು. ಭಕ್ತರಲ್ಲಿ ನನ್ನ ಬೇಡಿಕೆ ಬೇರೆ. ನೂರು ತೊಲದ ಒತ್ತುಕೆಲಸಕ್ಕೆ ಬದಲಾಗಿ ನಲವತ್ತು ತೊಲದ ಕೈಕೆಲಸವನ್ನು ಮಾಡಿಸಿರಿ. ಉಳಿದ ಹಣವನ್ನು ಮಜೂರಿಗೆ ಕೊಡಿರಿ. ಪತ್ತಾರನನ್ನು ಕರೆದು, “ನಿನಗೆ ತೋರಿದ ನಕ್ಷೆಯೊಂದನ್ನು ಬರೆದು ತೋರಿಸಪ್ಪಾ” ಎಂದು ಹೇಳಿ, ಒಂದು ತಿಂಗಳು ತಡವಾದರೂ ಕಾಯಿರಿ. ತೂಕ ಕಡಮೆಯಾದರೆ ಸೇವೆ ಕಡಮೆಯಾಯಿತೆಂದು ನೆರೆಯವರು ಆಡಿಕೊಂಡಾರೆಂಬ ಅಂಜಿಕೆಯುಂಟು, ಬಲ್ಲೆನು. ಸನ್ನಿಧಿಯಲ್ಲಿ ತಕ್ಕಡಿಯಿಲ್ಲವೆಂದು ಅವರಿಗೆ ಹೇಳಿರಿ.

ತಾಯಂದಿರಲ್ಲಿ ಒಂದು ಅರಿಕೆ. ಅಜ್ಜ ಮುತ್ತಜ್ಜಂದಿರ ಕರಡಿಗೆಯು ಪೆಟ್ಟಿಗೆಯ ತಳದಲ್ಲಿ ಇದ್ದರೆ, ಸೀಳಿರಲಿ, ನುಗ್ಗಿರಲಿ, ಮುಚ್ಚಳವಿಲ್ಲದೆ ಇರಲಿ, ಅಂಗಡಿಗೆ ಒಯ್ಯುವ ಮುನ್ನ ಒಮ್ಮೆ ಶ್ರೀಮಠಕ್ಕೆ ತಂದು ತೋರಿಸಿರಿ. ಅದರ ಅಳತೆಯನ್ನೂ ಆಕಾರವನ್ನೂ ನಕ್ಷೆಯನ್ನೂ ನಮ್ಮ ಪಾಠಶಾಲೆಯ ವಟುಗಳು ಕಾಗದದ ಮೇಲೆ ಬರೆದುಕೊಳ್ಳುವರು. ಕರಡಿಗೆಯನ್ನು ಅಂದೇ ನಿಮ್ಮ ಕೈಗೆ ಹಿಂದಿರುಗಿಸುವೆವು. ಸೋಮವಾರ ಬಿಟ್ಟು ಉಳಿದ ದಿನಗಳಲ್ಲಿ, ಮಧ್ಯಾಹ್ನದ ದಾಸೋಹವಾದ ಮೇಲೆ ಬಂದರೆ ಅನುಕೂಲ.