ರೇಷ್ಮೆ ಊರಿನಲ್ಲಿ ಒಂದು ನಿಂಬೆ ಚಿಟ್ಟೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಇದೇ ಶಾಲೆಯಲ್ಲಿ ಓದಿ, ಮುಂದೆ ಬೇರೆ ಬೇರೆ ಊರುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಹಳೆಯ ನೆನಪುಗಳನ್ನು ಹೇಳಲು ಇಲ್ಲಿ ನನಗಿಂತ ಚೆನ್ನಾಗಿ ಮಾತಾಡುವವರಿದ್ದಾರೆ. ನನಗೆ ಕೊಟ್ಟಿರುವ ಹದಿನೈದು ನಿಮಿಷದಲ್ಲಿ ಮಕ್ಕಳಿಗೆ ಒಂದು ಕೆಲಸ ಹೇಳಿ ಹೋಗೋಣ ಎಂದು ಬಂದಿದ್ದೇನೆ. ಮನೆಯಲ್ಲಿ ಒಂದು ಚಿಟ್ಟೆಯನ್ನು ಸಾಕಿ ನೋಡುವ ಕೆಲಸ.

ಹುಳು ಸಾಕುವುದನ್ನು ಈ ಊರಿಗೆ ಯಾರೂ ಬಂದು ಹೇಳಿಕೊಡಬೇಕಾಗಿಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ರೇಷ್ಮೆ ಕಸುಬು ನಮ್ಮ ಅಜ್ಜ ಅಜ್ಜಿಯರ ಅನ್ನವಾಯಿತು. ನಾನು ಚಿಕ್ಕವಳಿದ್ದಾಗ ನಡುಮನೆ ತುಂಬ ಹುಳುವಿನ ತಟ್ಟೆಗಳು. ರಾತ್ರಿ ಅವು ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಕೇಳುತ್ತಿತ್ತು. ನನ್ನ ಪುಸ್ತಕ, ಸಮವಸ್ತ್ರ ಎಲ್ಲವೂ ಗೂಡು ಮಾರಿದ ದುಡ್ಡಿನಲ್ಲಿ ಬಂದವು. ಇಲ್ಲಿ ಕುಳಿತಿರುವ ಅನೇಕರದ್ದೂ ಇದೇ ಕಥೆ.

ಆದರೆ ಒಂದು ವಿಷಯ ಗಮನಿಸಿ. ಗೂಡು ಮಾರುಕಟ್ಟೆಗೆ ಹೋದ ಮೇಲೆ ನಮ್ಮ ಪಾಲಿಗೆ ಹುಳುವಿನ ಕಥೆ ಮುಗಿಯಿತು. ಪತಂಗ ಹೊರಬಂದರೆ ಗೂಡು ತೂತಾಗುತ್ತದೆ, ಎಳೆ ಕಡಿಯುತ್ತದೆ. ಆದ್ದರಿಂದ ಅದಕ್ಕೆ ಮೊದಲೇ ಬಿಸಿಯಲ್ಲಿ ಕೋಶವನ್ನು ಕೊಂದು ನೂಲು ತೆಗೆಯುತ್ತಾರೆ. ಅದು ಕಸುಬಿನ ಕ್ರಮ, ಅದನ್ನು ತಪ್ಪೆನ್ನಲು ನಾನು ಬಂದಿಲ್ಲ. ಆದರೂ ಇಷ್ಟು ತಲೆಮಾರು ಹುಳು ಸಾಕಿದ ಊರು ರೆಕ್ಕೆ ಬರುವುದನ್ನು ನೋಡಿದ್ದು ಬಹಳ ಕಡಿಮೆ. ಮುಕ್ಕಾಲು ಕಥೆ ಕೇಳಿ ಎದ್ದುಬಂದವರು ನಾವು.

ಈಗ ಆ ಮುಕ್ಕಾಲು ಭಾಗವೂ ಮಕ್ಕಳ ಕಣ್ಣಿನಿಂದ ಮರೆಯಾಗುತ್ತಿದೆ. ಹುಳುಮನೆ ತೋಟಕ್ಕೆ ಹೋಗಿದೆ. ಎರಡನೇ ಜ್ವರ ದಾಟಿದ ಹುಳುಗಳನ್ನು ಚಾಕಿ ಕೇಂದ್ರದಿಂದ ತರುತ್ತೇವೆ. ಮೊಟ್ಟೆ ಒಡೆಯುವುದನ್ನು ಕಂಡ ಮಗು ಈಗ ಅಪರೂಪ. ಜೀವನಚಕ್ರ ಎಂದರೆ ನಾಲ್ಕು ಚಿತ್ರ, ನಾಲ್ಕು ಬಾಣದ ಗುರುತು, ಪರೀಕ್ಷೆಯಲ್ಲಿ ನಾಲ್ಕು ಅಂಕ ಎಂದಾಗಿದೆ. ಬಾಣದ ಗುರುತಿನೊಳಗೆ ಏನು ನಡೆಯುತ್ತದೆ ಎಂಬುದೇ ನಿಜವಾದ ಪಾಠ.

ಅದಕ್ಕೆ ಖರ್ಚಿಲ್ಲ. ನಿಮ್ಮ ಹಿತ್ತಲಿನ ನಿಂಬೆ ಗಿಡ ಅಥವಾ ಕರಿಬೇವಿನ ಹತ್ತಿರ ಹೋಗಿ. ಕಪ್ಪು ರೆಕ್ಕೆಯ ಮೇಲೆ ತಿಳಿಹಳದಿ ಮಚ್ಚೆಗಳು, ಹಿಂದಿನ ರೆಕ್ಕೆಯ ತುದಿಯಲ್ಲಿ ಒಂದೊಂದು ಕೆಂಪು ಬೊಟ್ಟು ಇರುವ ಚಿಟ್ಟೆ ಅಲ್ಲಿ ಸುತ್ತುತ್ತಿರುತ್ತದೆ. ಅದೇ ನಿಂಬೆ ಚಿಟ್ಟೆ. ಎಳೆಯ ಚಿಗುರಿನ ಮೇಲೆ ಗುಂಡುಸೂಜಿಯ ತಲೆಯಷ್ಟು ದೊಡ್ಡ, ತಿಳಿಹಳದಿ ಬಣ್ಣದ ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. ಒಂದು ಮೊಟ್ಟೆಯಿರುವ ಕುಡಿಯನ್ನು ಕತ್ತರಿಸಿ ತನ್ನಿ. ಒಂದೇ ಸಾಕು, ಹೆಚ್ಚೆಂದರೆ ಎರಡು.

ಅಗಲ ಬಾಯಿಯ ಡಬ್ಬಿಗೆ ತೆಳು ಬಟ್ಟೆ ಕಟ್ಟಿ. ಕುಡಿ ಬಾಡದಂತೆ ಸಣ್ಣ ಶೀಶೆಯ ನೀರಿನಲ್ಲಿಟ್ಟು, ಹುಳು ನೀರಿಗೆ ಬೀಳದ ಹಾಗೆ ಶೀಶೆಯ ಬಾಯಿಗೆ ಹತ್ತಿ ತುರುಕಿ. ಬಿಸಿಲು ತಾಗಬಾರದು, ಇರುವೆ ಮುತ್ತಬಾರದು. ಇರುವೆಗೆ ಏನು ಉಪಾಯ ಎಂದು ಅಜ್ಜಿಯನ್ನು ಕೇಳಿ. ಹುಳುವಿನ ಅಟ್ಟಣೆಯ ಕಾಲಿಗೆ ನೀರಿನ ಬಟ್ಟಲು ಇಟ್ಟವರು ಅವರೇ. ದಿನವೂ ಹಿಕ್ಕೆ ತೆಗೆದು ಹೊಸ ಸೊಪ್ಪು ಕೊಡಿ. ಹುಳುವನ್ನು ಬೆರಳಿನಿಂದ ಹಿಡಿಯಬೇಡಿ, ಕೂತ ಎಲೆಯ ಸಮೇತ ಹೊಸ ಕುಡಿಯ ಮೇಲಿಡಿ.

ಮೂರರಿಂದ ಐದು ದಿನಕ್ಕೆ ಮರಿ ಹೊರಬರುತ್ತದೆ. ಅದರ ಮೊದಲ ಊಟ ಮೊಟ್ಟೆಯ ಸಿಪ್ಪೆಯೇ. ಕಂದು ಮೈಮೇಲೆ ಬಿಳಿ ಪಟ್ಟಿ, ನೋಡಿದರೆ ಹಕ್ಕಿ ಹಿಕ್ಕೆ ಹಾಕಿದೆ ಎನ್ನಬೇಕು. ಹಕ್ಕಿಯಿಂದ ತಪ್ಪಿಸಿಕೊಳ್ಳಲು ಹಕ್ಕಿಯ ಹಿಕ್ಕೆಯದೇ ವೇಷ! ರೇಷ್ಮೆ ಹುಳುವಿನ ಹಾಗೆಯೇ ಇದಕ್ಕೂ ನಾಲ್ಕು ಜ್ವರ. ನಾಲ್ಕನೆಯದು ಕಳೆದಾಗ ವೇಷ ಬದಲಾಗಿ ಎಲೆಯಂಥ ಹಸಿರು ಬರುತ್ತದೆ. ಮೆಲ್ಲಗೆ ಕಡ್ಡಿ ತಾಗಿಸಿದರೆ ತಲೆಯ ಹಿಂದಿನಿಂದ ಕವಲೊಡೆದ ಎರಡು ಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ. ಹೆದರಬೇಡಿ, ಅದು ಕಚ್ಚುವುದಿಲ್ಲ, ಮೈ ತುರಿಸುವ ಕೂದಲೂ ಅದಕ್ಕಿಲ್ಲ.

ಒಂದು ದಿನ ಮೇವು ಬಿಟ್ಟು ಅತ್ತಿತ್ತ ಓಡಾಡುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹುಳು ಹಣ್ಣಾಯಿತು. ಡಬ್ಬಿಯಲ್ಲಿ ಒಂದು ಕಡ್ಡಿ ನೆಟ್ಟಿರಿ. ಇದು ಗೂಡು ಕಟ್ಟುವುದಿಲ್ಲ. ಬಾಲದ ತುದಿಯನ್ನು ಕಡ್ಡಿಗೆ ಅಂಟಿಸಿ, ನಡುವಿಗೆ ಒಂದೇ ಒಂದು ದಾರ ಸುತ್ತಿ, ತೆಂಗಿನ ಮರ ಏರಿದವನು ಹಗ್ಗಕ್ಕೆ ಒರಗಿ ನಿಂತ ಹಾಗೆ ನಿಲ್ಲುತ್ತದೆ. ಆ ದಾರವೂ ರೇಷ್ಮೆಯೇ. ಮರುದಿನದ ಹೊತ್ತಿಗೆ ಚರ್ಮ ಕಳಚಿ ಕೋಶವಾಗುತ್ತದೆ. ಸುತ್ತಲಿನ ಬಣ್ಣಕ್ಕೆ ತಕ್ಕಂತೆ ಅದು ಹಸಿರಾಗಬಹುದು, ಕಂದಾಗಬಹುದು. ಇಬ್ಬರು ಮಕ್ಕಳು ಬೇರೆ ಬೇರೆ ಕಡ್ಡಿ ಇಟ್ಟು ಹೋಲಿಸಿ ನೋಡಿ.

ಸುಮಾರು ಹತ್ತು ದಿನ ಹೊರಗೆ ಏನೂ ಕಾಣದು. ಒಳಗೆ ಹುಳುವಿನ ದೇಹದ ಬಹುಭಾಗ ಕರಗಿ, ರೆಕ್ಕೆ, ಉದ್ದ ಕಾಲು, ಹೀರುವ ನಾಲಿಗೆ ತಯಾರಾಗುತ್ತಿರುತ್ತವೆ. ಕೋಶ ಕಪ್ಪಾಗಿ ರೆಕ್ಕೆಯ ಮಚ್ಚೆ ಹೊರಗೆ ಕಂಡರೆ ಮರುದಿನ ಬೆಳಿಗ್ಗೆ ಬೇಗ ಏಳಿ. ಚಿಟ್ಟೆ ಬಂದಾಗ ರೆಕ್ಕೆಗಳು ಒದ್ದೆ ಬಟ್ಟೆಯಂತೆ ಮುದುಡಿರುತ್ತವೆ. ಅದು ಮೈಯ ದ್ರವವನ್ನು ರೆಕ್ಕೆಯ ನಾಳಗಳಿಗೆ ಒತ್ತಿ ಅವನ್ನು ಬಿಡಿಸುತ್ತದೆ. ಕಷ್ಟಪಡುತ್ತಿದೆ ಎಂದು ಕೈಹಾಕಬೇಡಿ. ಒಂದೆರಡು ಗಂಟೆ ಕಳೆದು ರೆಕ್ಕೆ ಗಟ್ಟಿಯಾದ ಮೇಲೆ ಡಬ್ಬಿಯನ್ನು ಹೂಗಿಡದ ಬಳಿ ತೆರೆದಿಡಿ.

ಎಲ್ಲ ಕೋಶದಿಂದಲೂ ಚಿಟ್ಟೆಯೇ ಬರುತ್ತದೆ ಎಂದು ಮಾತ್ರ ನಾನು ಹೇಳಲಾರೆ. ಕೆಲವು ಸಲ ನೊಣವೋ ಸಣ್ಣ ಕಣಜವೋ ಹೊರಬರುತ್ತದೆ. 1980ರಲ್ಲಿ ಕರ್ನಾಟಕದ ರೇಷ್ಮೆಗೆ ಗಂಟುಬಿದ್ದ ಊಜಿ ನೊಣವನ್ನು ಬಲ್ಲ ಹಿರಿಯರಿಗೆ ಇದು ಹೊಸದಲ್ಲ. ನನ್ನ ತರಗತಿಯ ಹುಡುಗನೊಬ್ಬ ಇಪ್ಪತ್ತು ದಿನ ಕಾದು ನೊಣ ಕಂಡಾಗ ಅತ್ತುಬಿಟ್ಟ. ಕಣ್ಣೊರೆಸಿಕೊಂಡು ಪುಸ್ತಕದಲ್ಲಿ, "ಚಿಟ್ಟೆ ಬರಲಿಲ್ಲ, ನೊಣ ಬಂತು" ಎಂದು ಬರೆದ. ಆ ವರ್ಷ ನಾನು ಓದಿದ ಅತ್ಯುತ್ತಮ ವಿಜ್ಞಾನದ ವಾಕ್ಯ ಅದು. ಕಂಡದ್ದನ್ನು ಕಂಡ ಹಾಗೆ ಬರೆಯುವುದಕ್ಕಿಂತ ದೊಡ್ಡ ಪಾಠ ನನ್ನ ಹತ್ತಿರ ಇರಲಿಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು. 1647ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಮರಿಯಾ ಸಿಬಿಲ್ಲಾ ಮೆರಿಯನ್ ಹದಿಮೂರನೇ ವಯಸ್ಸಿನಲ್ಲಿ, ಅಂದರೆ ನಮ್ಮ ಎಂಟನೇ ತರಗತಿಯ ಹುಡುಗಿಯ ವಯಸ್ಸಿನಲ್ಲಿ, ರೇಷ್ಮೆ ಹುಳು ಸಾಕಿದಳು. ಅಲ್ಲಿಗೆ ನಿಲ್ಲಲಿಲ್ಲ. ಬೇರೆ ಹುಳುಗಳನ್ನೂ ತಂದು ಸಾಕಿ, ಯಾವುದು ಯಾವ ಗಿಡ ತಿನ್ನುತ್ತದೆ, ಏನಾಗಿ ಹಾರುತ್ತದೆ ಎಂದು ಬರೆದಿಟ್ಟಳು, ಚಿತ್ರ ಬಿಡಿಸಿದಳು. ಕೀಟಗಳು ಕೆಸರಿನಿಂದ ತಾವಾಗಿ ಹುಟ್ಟುತ್ತವೆ ಎಂದು ಬಹಳ ಜನ ನಂಬಿದ್ದ ಕಾಲವದು. 1679ರಲ್ಲಿ ಅವಳ ಪುಸ್ತಕ ಅಚ್ಚಾಯಿತು. ಅವಳು ಹೊರಟದ್ದು ರೇಷ್ಮೆ ಹುಳುವಿನಿಂದ. ನಮ್ಮೂರೂ ಅಲ್ಲೇ ನಿಂತಿದೆ, ಮುಂದಿನ ಹೆಜ್ಜೆ ಇಡಬೇಕಷ್ಟೆ.

ದೊಡ್ಡವರಲ್ಲಿ ಒಂದು ಬೇಡಿಕೆ. ಪಕ್ಕದ ಹೊಲದ ಔಷಧಿ ಹಿಪ್ಪುನೇರಳೆ ಸೊಪ್ಪಿಗೆ ತಾಗಿದರೆ ಹುಳುವಿನ ಗತಿ ಏನೆಂದು ನಿಮಗೆ ಗೊತ್ತು. ಅದಕ್ಕಾಗಿ ನಮ್ಮಲ್ಲಿ ಜಗಳಗಳೇ ಆಗಿವೆ. ಅಷ್ಟೇ ಎಚ್ಚರವನ್ನು ಹಿತ್ತಲಿನ ಒಂದು ಕರಿಬೇವಿಗೆ ತೋರಿಸಿ. ನಿಂಬೆ ಚಿಟ್ಟೆಯ ಹುಳು ಎಕ್ಕದ ಎಲೆ ತಿಂದು ಬದುಕಲಾರದು, ಅದರ ಗಿಡವೇ ಅದಕ್ಕೆ ಬೇಕು. ಎಳೆಯ ಗಿಡಕ್ಕೆ ಹುಳು ಹೆಚ್ಚಾದರೆ ಆರಿಸಿ ದೊಡ್ಡ ಗಿಡಕ್ಕೆ ಬಿಡಿ. ಈ ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಆವರಣದಲ್ಲಿ ಎರಡು ನಿಂಬೆ, ಎರಡು ಕರಿಬೇವು ನೆಡೋಣ. ಅವಕ್ಕೆ ಔಷಧಿ ಹೊಡೆಯುವುದು ಬೇಡ. ಸಸಿಗಳ ಖರ್ಚು ನನ್ನದು, ನೀರು ಮಕ್ಕಳದು.

ಕೊನೆಯದಾಗಿ, 2008ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ತಂಬಾಕಿನ ಎಲೆ ತಿನ್ನುವ ಒಂದು ಜಾತಿಯ ಹುಳುಗಳಿಗೆ ಕೊನೆಯ ಹಂತದಲ್ಲಿ ಒಂದು ವಾಸನೆಯಿಂದ ದೂರವಿರಲು ಕಲಿಸಿದರು. ಕೋಶದೊಳಗೆ ಅಷ್ಟೆಲ್ಲ ಕರಗಿ ಪತಂಗವಾದ ಮೇಲೂ ಅವುಗಳಲ್ಲಿ ಬಹುಪಾಲು ಆ ವಾಸನೆಯಿಂದ ದೂರ ಸರಿದವು. ಎಳೆತನದಲ್ಲಿ ಕಲಿತದ್ದು ರೆಕ್ಕೆ ಬಂದ ಮೇಲೂ ಉಳಿಯಬಲ್ಲದು. ಇಲ್ಲಿ ಕುಳಿತಿರುವ ಗುರುಗಳಿಗೆ ನಾನು ಬೇರೆ ಮಾತಿನಲ್ಲಿ ಕೃತಜ್ಞತೆ ಹೇಳಬೇಕಾಗಿಲ್ಲ ಎಂದುಕೊಳ್ಳುತ್ತೇನೆ.

ಮಕ್ಕಳೇ, ಮುಂದಿನ ಮಳೆಗೆ ನಿಂಬೆ ಚಿಗುರುತ್ತದೆ. ಒಂದು ಡಬ್ಬಿ, ಒಂದು ನೋಟ್ ಪುಸ್ತಕ ಸಿದ್ಧಮಾಡಿಕೊಳ್ಳಿ.