ಬೇವಿನ ಕಹಿಯೊಳಗೆ ಏನಿದೆ?



ನಾನು ವಿಜ್ಞಾನಿಯಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಆದ್ದರಿಂದ ಒಂದು ಹೆಸರಿನಿಂದಲೇ ಮಾತು ಆರಂಭಿಸುತ್ತೇನೆ. ಬೇವಿನ ವೈಜ್ಞಾನಿಕ ಹೆಸರು ಅಜಾಡಿರಕ್ಟಾ ಇಂಡಿಕಾ. ಇದರಲ್ಲಿ ಅಡಗಿರುವುದು ಪಾರಸಿಯ ‘ಆಜಾದ್ ದರಖ್ತ್’, ಅಂದರೆ ಸ್ವತಂತ್ರ ಮರ.

ಬೇವಿನ ಕಡ್ಡಿಯಿಂದ ಹಲ್ಲುಜ್ಜುವುದು, ಕಜ್ಜಿಗೆ ಎಲೆ ಅರೆದು ಹಚ್ಚುವುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಅದರಲ್ಲಿ ಕೆಲಸ ಮಾಡುವ ವಸ್ತು ಯಾವುದೆಂದು ಹುಡುಕಿದವರಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಪ್ರಮುಖರು. ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯಲ್ಲಿ 1897ರಲ್ಲಿ ಹುಟ್ಟಿ, ಅಲಿಗಢದಲ್ಲಿ ಓದಿ, ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದರು. ಸರ್ಪಗಂಧದಿಂದ ತಾವು ಬೇರ್ಪಡಿಸಿದ ವಸ್ತುವಿಗೆ ಹಕೀಂ ಅಜ್ಮಲ್ ಖಾನರ ನೆನಪಿಗಾಗಿ ‘ಅಜ್ಮಲಿನ್’ ಎಂದು ಹೆಸರಿಟ್ಟರು. 1942ರಲ್ಲಿ ಬೇವಿನ ಎಣ್ಣೆಯಿಂದ ನಿಂಬಿನ್, ನಿಂಬಿನಿನ್, ನಿಂಬಿಡಿನ್ ಎಂಬ ಕಹಿ ಪದಾರ್ಥಗಳನ್ನು ಬೇರ್ಪಡಿಸಿದರು. 1951ರಲ್ಲಿ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯೂ ಸಂಶೋಧನೆ ಮುಂದುವರಿಸಿದರು.

ನಿಂಬಿನ್‌ನ ಒಂದು ಅಣುವಿನಲ್ಲಿ 30 ಇಂಗಾಲ, 36 ಜಲಜನಕ, 9 ಆಮ್ಲಜನಕ ಪರಮಾಣುಗಳಿವೆ. ಇದು ಲಿಮೊನಾಯ್ಡ್ ಗುಂಪಿಗೆ ಸೇರಿದ್ದು. ನಿಂಬೆ ಬೀಜದ ಕಹಿಯೂ ಇದೇ ಗುಂಪಿನದು.

ಬ್ಯಾಕ್ಟೀರಿಯಾಗಳ ಮೇಲಿನ ಪರಿಣಾಮವನ್ನು ಪರೀಕ್ಷಿಸುವ ವಿಧಾನ ಸರಳ. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಬೇವಿನ ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ನಡುವೆ ಇಡುತ್ತಾರೆ. ಮರುದಿನ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ಉಂಗುರ ಕಂಡರೆ ಸಾರಕ್ಕೆ ಶಕ್ತಿಯಿದೆ ಎಂದರ್ಥ. ಕುರು ತರಿಸುವ ಸ್ಟ್ಯಾಫಿಲೋಕಾಕಸ್ ಎದುರು ಇಂಥ ಉಂಗುರ ಹಲವು ಪ್ರಯೋಗಗಳಲ್ಲಿ ಕಂಡಿದೆ.

ಆದರೆ ಮಕ್ಕಳೇ, ತಟ್ಟೆ ಬೇರೆ, ದೇಹ ಬೇರೆ. ನನ್ನ ತರಗತಿಯ ಹುಡುಗನೊಬ್ಬನ ಕಾಲಿಗೆ ಕುರು ಎದ್ದಿತ್ತು. ಮನೆಯವರು ಒಂದು ವಾರ ಬೇವಿನೆಲೆಯನ್ನೇ ಅರೆದು ಕಟ್ಟಿದರು. ಜ್ವರ ಏರಿತು, ಕೀವು ಒಳಗಿಳಿಯಿತು. ಕೊನೆಗೆ ಆಸ್ಪತ್ರೆಯಲ್ಲಿ ಕೊಯ್ದು ತೆಗೆಯಬೇಕಾಯಿತು. ಆ ತಾಯಿಯನ್ನು ನಾನು ದೂರುವುದಿಲ್ಲ, ಆಕೆ ಮಾಡಿದ್ದು ಪ್ರೀತಿಯಿಂದ. ‘ಜ್ವರ ಬಂದರೆ ತಡಮಾಡಬೇಡಿ’ ಎಂದು ಮೊದಲೇ ಹೇಳುವವರು ಆ ಮನೆಯಲ್ಲಿ ಇರಲಿಲ್ಲ. ಇನ್ನೊಂದು ಮಾತು: ಎಳೆಯ ಮಕ್ಕಳಿಗೆ ಬೇವಿನ ಎಣ್ಣೆ ಕುಡಿಸಲೇಬಾರದು. ವಾಂತಿ, ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಸಿದ್ದಿಕಿಯವರು ಅಜ್ಜಿಯ ಮದ್ದನ್ನು ನೋಡಿ ನಗಲಿಲ್ಲ, ಕಣ್ಣು ಮುಚ್ಚಿ ನಂಬಲೂ ಇಲ್ಲ. ಏನಿದೆ, ಎಷ್ಟಿದೆ, ಏನು ಮಾಡುತ್ತದೆ ಎಂದು ಪರೀಕ್ಷಿಸಿದರು. ಓದಿದ ನೀವು ನಿಮ್ಮ ಮನೆಯಲ್ಲಿ ಆ ಪ್ರಶ್ನೆ ಕೇಳುವವರಾಗಬೇಕು.