ಮಸ್ಕತ್ತಿನ ಚರಿತ್ರೆಯಲ್ಲಿ ನಮ್ಮ ಕರಾವಳಿ



ಈ ನಗರದ ಸಮುದಾಯಗಳನ್ನು ಪರಿಚಯಿಸುವ ಪ್ರದರ್ಶನದ ಉದ್ಘಾಟನೆಗೆ ನನ್ನನ್ನು ಕರೆದ ಸಂಘಟಕರಿಗೆ ಋಣಿ. ದೀಪ ಬೆಳಗಿಸಿದ್ದಾಯಿತು. ನೀವು ಒಳಗೆ ಹೋಗುವ ಮುನ್ನ ನಾಲ್ಕು ಮಾತು.

ಮಸ್ಕತ್ತಿಗೆ ಹಿಂದೆ ಕಲ್ಲುಗುಡ್ಡ, ಮುಂದೆ ಕಡಲು. ಭತ್ತದ ಗದ್ದೆಗೆ ಜಾಗವಿಲ್ಲದ ಈ ಊರು ಹಡಗು ತಂದ ಅಕ್ಕಿ ಉಂಡು ಬೆಳೆಯಿತು; ಹಡಗಿನ ಜೊತೆ ಜನರೂ ಬಂದರು. ಮತ್ರಾದ ಕಡಲಂಚಿನಲ್ಲಿ ಸುತ್ತುಗೋಡೆಯೊಳಗೆ ನೆಲೆಸಿದ ಲವಾತಿಗಳು, ಮಕ್ರಾನ್ ತೀರದ ಬಲೂಚಿಗಳು, 1964ರ ಕ್ರಾಂತಿಯ ನಂತರ ಜಾಂಜಿಬಾರಿನಿಂದ ಸ್ವಾಹಿಲಿಯನ್ನೂ ಜೊತೆಗೆ ತಂದ ಒಮಾನಿಗಳು, ಎಲ್ಲರೂ ಇಲ್ಲಿಯವರೇ ಆದರು. ಕಚ್ಛಿನ ಮಾಂಡವಿಯವರು 1870ರಲ್ಲಿ ತೊಡಗಿದ ವ್ಯಾಪಾರ ಇಂದಿನ ಖಿಮ್ಜಿ ರಾಮದಾಸ್ ಸಂಸ್ಥೆಯಾಯಿತು. ಆ ಮನೆತನದ ಕನಕ್ಸಿ ಖಿಮ್ಜಿಯವರಿಗೆ ಸುಲ್ತಾನ್ ಖಾಬೂಸ್ ಶೇಖ್ ಪದವಿಯನ್ನೇ ಕೊಟ್ಟರು.

ಇದರಲ್ಲಿ ನಮ್ಮ ಪಾಲೆಷ್ಟು? ಆ ಅಕ್ಕಿಯಲ್ಲಿ ಮಂಗಳೂರು, ಬಸರೂರುಗಳ ಅಕ್ಕಿಯೂ ಇತ್ತು. ಕೆಳದಿಯ ಅರಸರ ಕಾಲದಲ್ಲಿ ಈ ವ್ಯಾಪಾರಕ್ಕೆ ಪೋರ್ಚುಗೀಸರು ಅಡ್ಡ ಬಂದರು. 1650ರಲ್ಲಿ ಅವರನ್ನು ಮಸ್ಕತ್ತಿನಿಂದ ಓಡಿಸಿದ ಒಮಾನಿಗಳು ಕಡಲಲ್ಲೂ ಅವರನ್ನು ಬಿಡಲಿಲ್ಲ. ಆ ಜಗಳದಲ್ಲಿ 1695ರಲ್ಲಿ ಮಂಗಳೂರೇ ಅರಬರ ಬೆಂಕಿಗೆ ತುತ್ತಾಯಿತು. ನಂಟು ಹಳೆಯದು ಎಂದು ಹೆಮ್ಮೆಪಡುವಾಗ ಇದನ್ನು ಮುಚ್ಚಿಡಬೇಕಿಲ್ಲ.

ಮುಂದೆ ಟಿಪ್ಪು ಸುಲ್ತಾನ್ ಮಸ್ಕತ್ತಿನಲ್ಲೇ ವ್ಯಾಪಾರದ ಕೋಠಿ ತೆರೆದ. ಮೈಸೂರು ಸೀಮೆಯ ಗಂಧ, ಏಲಕ್ಕಿ, ಅಕ್ಕಿ ಇಲ್ಲಿಗೆ ಬಂದವು. 1780ರ ದಶಕದಲ್ಲಿ ಇಲ್ಲಿನ ಕೋಠಿಯ ದರೋಗ (ಮೇಲ್ವಿಚಾರಕ) ಮೀರ್ ಕಾಜಿಮನಿಗೆ ಟಿಪ್ಪು ಬರೆಸಿದ ಪತ್ರಗಳು ಉಳಿದಿವೆ: ರೇಷ್ಮೆಹುಳುವನ್ನೂ ಅದನ್ನು ಸಾಕಬಲ್ಲವರನ್ನೂ ಕಳಿಸು, ಕೇಸರಿಯ ಬೀಜ ಕಳಿಸು ಎಂಬ ಅಪ್ಪಣೆಗಳು ಅವುಗಳಲ್ಲಿವೆ. ರೇಷ್ಮೆಯ ನಾಡೆನಿಸಿಕೊಂಡ ನಾವು ಆ ಪತ್ರಗಳನ್ನು ಓದಬೇಕು.

1970ರ ನಂತರ ಬಂದವರು ನಾವು, ನಮ್ಮ ಅಪ್ಪ ಅಮ್ಮಂದಿರು. ಸುಲ್ತಾನ್ ಖಾಬೂಸ್ ಹೊಸ ಒಮಾನ್ ಕಟ್ಟಲು ಹೊರಟಾಗ ಎಂಜಿನಿಯರ್, ನರ್ಸ್, ಮೇಷ್ಟ್ರು, ಅಡುಗೆಯವರು, ಡ್ರೈವರ್, ಲೆಕ್ಕಪತ್ರದವರು ಬೇಕಾದರು. ಆಗ ಬಂದವರಲ್ಲಿ ನಮ್ಮವರೂ ಇದ್ದರು. ದುಡಿದರು, ಊರಿಗೆ ಹಣ ಕಳಿಸಿದರು, ಇಲ್ಲಿ ಹಬ್ಬ ಮಾಡಿದರು, ಯಕ್ಷಗಾನ ಆಡಿಸಿದರು. ಬರೆದಿಟ್ಟದ್ದು ಮಾತ್ರ ಕಡಿಮೆ.

ಕಡಲದಾರಿ ಇನ್ನೂ ಮುಚ್ಚಿಲ್ಲ. ಹಲಗೆಗಳನ್ನು ತೆಂಗಿನ ನಾರಿನಿಂದ ಹೊಲಿದು ಕಟ್ಟಿದ 'ಕೌಂಡಿನ್ಯ' ನೌಕೆ 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲಿ ನೌಕಾಪಡೆಗೆ ಸೇರಿ, ಅದೇ ವರ್ಷದ ಡಿಸೆಂಬರಿನಲ್ಲಿ ಪೋರಬಂದರಿನಿಂದ ಮಸ್ಕತ್ತಿನತ್ತ ಹಾಯಿ ಬಿಚ್ಚಿತು. ಆ ಹಾಯಿಯ ಮೇಲಿದ್ದದ್ದು ಗಂಡಭೇರುಂಡ.

ನನ್ನ ವಿನಂತಿ ಒಂದೇ. ವರ್ತಕರ ಚರಿತ್ರೆ ಅವರ ಲೆಕ್ಕದ ಪುಸ್ತಕಗಳಲ್ಲಿ ಉಳಿದಿದೆ, ಅರಸರದು ಪತ್ರಗಳಲ್ಲಿ. ಸಂಬಳಕ್ಕೆ ದುಡಿದವರದು ಎಲ್ಲಿ ಉಳಿಯಬೇಕು? ನಿಮ್ಮ ಮನೆಯ ಹಳೆಯ ಪಾಸ್‌ಪೋರ್ಟ್, ಊರಿಗೆ ಬರೆದ ಕಾಗದ, ಕಂಪನಿ ಕ್ಯಾಂಪಿನ ಫೋಟೊ, ಕರಪತ್ರ ಎಸೆಯಬೇಡಿ. ಹಿರಿಯರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಮಕ್ಕಳ ಕೈಲೇ ಆ ಕೆಲಸ ಮಾಡಿಸಿ. ಎಲ್ಲವನ್ನೂ ಸಂಘಟಕರಿಗೆ ತಲುಪಿಸಿ. ಮುಂದಿನ ಪ್ರದರ್ಶನದಲ್ಲಿ ಕನ್ನಡಿಗರದೇ ಒಂದು ಗೋಡೆ ಇರಲಿ.

ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ. ಎಲ್ಲರೂ ಒಳಗೆ ಬನ್ನಿ, ನೋಡಿ.